ಹೌದು ಎಂದು ಒತ್ತಿದ ಕೈ

ನಾನು ನಿಂತಿದ್ದದ್ದು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ, ಸಂಚಾರ ನಿಯಂತ್ರಕರ ಕೋಣೆಯ ಹೊರಗೆ, ಎರಡನೆಯ ಅಂಕಣದ ಕಂಬಕ್ಕೆ ಎಡಗೈ ಆನಿಸಿಕೊಂಡು. ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತೆಂಟು ನಿಮಿಷ. ಇಸವಿ ಎರಡು ಸಾವಿರದ ಏಳು, ದೀಪಾವಳಿ ಮುಗಿದು ಎರಡು ವಾರವಾಗಿತ್ತು. ನಾನು ಆ ನಿಲ್ದಾಣದ ನಿಯಂತ್ರಕ. ಕಂಬದಿಂದ, ನಾನಿಲ್ಲಿ ಹೆಸರು ಹೇಳದೆ 'ಅವರು' ಎನ್ನುವ ಗೆಳೆಯರ ಮೊಬೈಲ್ ಅಂಗಡಿಯ ಕಟ್ಟೆಗೆ ಹದಿನಾಲ್ಕು ಹೆಜ್ಜೆ. ಹೆಜ್ಜೆಗಳನ್ನು ಆಮೇಲೆ ಎಣಿಸಿದೆ. ನಡುವೆ ಬಾಳೆಹಣ್ಣು ಮಾರುವವಳ ಬುಟ್ಟಿಯ ಹೊರತು ಬೇರೆ ಮರೆ ಇರಲಿಲ್ಲ. ಅಲ್ಲಿ ಆಡಿದ ಮಾತು ನನಗೆ ಕೇಳಿಸಿತು. ನಾನೇ ಕೇಳದೆ, ಇನ್ನೊಬ್ಬರಿಂದ ತಿಳಿದದ್ದನ್ನು ಹಾಗೆಂದೇ ಬರೆಯುತ್ತೇನೆ.

ಅವರು ಹೋದ ತಿಂಗಳು ತೀರಿಕೊಂಡರು. ಮನೆಯ ಮುಂದಿನ ಶಾಮಿಯಾನದ ಕೆಳಗೆ ಕುಳಿತವರೆಲ್ಲ ಒಂದೇ ಮಾತು ಹೇಳಿದರು: "ಆ ಮನುಷ್ಯಾ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳಿದಾಂವ ಅಲ್ಲ." ಮಾತು ನಿಜ, ಆದರೆ ಪೂರ್ತಿ ಅಲ್ಲ. ಕಳೆದ ವರ್ಷ ನೋಡಲು ಹೋದಾಗ ಅವರೇ ನನಗೆ ಹೇಳಿದ್ದರು: "ಸಾಹೇಬ್ರ, ನಾ ಹೋದ ಮ್ಯಾಲ ಮಂದಿ ಚಲೋ ಚಲೋ ಮಾತ ಆಡತಾರ. ನೀವು ಸುಮ್ಮನ ಕುಂದ್ರಬ್ಯಾಡ್ರಿ. ಆ ಗುರುವಾರದ್ದೂ ಹೇಳ್ರಿ." ಶಾಮಿಯಾನದ ಕೆಳಗೆ ಅದು ನನ್ನಿಂದ ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸವದತ್ತಿಯಿಂದ ಬೈಲಹೊಂಗಲಕ್ಕೆ ವರ್ಗವಾಗಿ ಬಂದಾಗ ಅವರದು ಎಸ್.ಟಿ.ಡಿ. ಬೂತು. ಗಾಜಿನ ಒಂದು ಗೂಡು, ಒಳಗೆ ಫೋನು, ಹೊರಗೆ ಮೀಟರು. ಗೂಡಿನ ಬಾಗಿಲ ಸಂದಿಗೆ ಸೈಕಲ್ ಟ್ಯೂಬು ಕತ್ತರಿಸಿ ಮೊಳೆ ಹೊಡೆದಿದ್ದರು, ಮಾತು ಹೊರಗೆ ಬರಬಾರದೆಂದು. ಅದರಿಂದ ಒಳಗೆ ಹೋದವರು ಬೆವೆತು ನೀರಾಗುತ್ತಿದ್ದರು. ಜನ ಗೊಣಗಿದಾಗ ಒಂದು ಸಣ್ಣ ಫ್ಯಾನು ತಂದು ಹಾಕಿದರೇ ಹೊರತು ಟ್ಯೂಬು ಕೀಳಲಿಲ್ಲ. ತಮ್ಮ ಕುರ್ಚಿಯನ್ನು ರಸ್ತೆಗೆ ಮುಖ ಮಾಡಿ ಹಾಕಿಕೊಂಡಿದ್ದರು. ಗೂಡಿನೊಳಗೆ ಯಾರಾದರೂ ಅತ್ತರೆ ಅವರ ಬೆನ್ನಿಗೆ ಮಾತ್ರ ಕಾಣುತ್ತಿತ್ತು. ಮಾತು ಮುಗಿದಾಗ ಮೀಟರು ಕರ್ ಎಂದು ಚೀಟಿ ಉಗುಳುತ್ತಿತ್ತು. ಚೀಟಿಯ ಮೇಲೆ ಯಾವ ನಂಬರಿಗೆ ಮಾತನಾಡಿದ್ದು ಎಂದು ಅಚ್ಚಾಗಿರುತ್ತದೆ. ಅವರು ಅದನ್ನು ನೋಡದೆ ಮಡಚಿ, ಬಂದವರ ಅಂಗೈಯಲ್ಲಿಟ್ಟು, "ಹರದ ಒಗೀರಿ" ಎನ್ನುತ್ತಿದ್ದರು.

ಒಮ್ಮೆ ಊರಿನ ದೊಡ್ಡ ಜಮೀನಿನ ಗೌಡರೊಬ್ಬರು ಬಂದು ಕಟ್ಟೆ ಬಡಿದದ್ದು ನನಗೆ ನೆನಪಿದೆ.

"ನಮ್ಮ ಹುಡುಗಿ ಇಲ್ಲಿ ಬಂದು ಯಾರಿಗೆ ಫೋನ ಹಚ್ಚತಾಳ? ನಂಬರ ಕೊಡು."

"ಗೌಡ್ರ, ನನ್ನ ಅಂಗಡ್ಯಾಗ ಮೀಟರ್ ಐತ್ರಿ, ಕಿವಿ ಇಲ್ಲ."

"ನಾಳೆ ಅಂಗಡಿನೂ ಇರೂದಿಲ್ಲ ಹಂಗಾರ."

"ನಾಳಿದ್ದ ನಾಳೆ ನೋಡೂಣಂತ. ಇವತ್ತ ಚಹಾ ಕುಡೀರಿ. ಬಂದು ನಿಂತೀರಿ, ಕುಂದರ್ರಿ ಮೊದಲ."

ಗೌಡರು ಕೂರಲಿಲ್ಲ, ಅಂಗಡಿಯೂ ಹೋಗಲಿಲ್ಲ. ಆ ಹುಡುಗಿ ಯಾರಿಗೆ ಫೋನು ಮಾಡುತ್ತಿದ್ದಳೆಂದು ಚಹಾ ಕುಡಿಯುವಾಗ ನಾನೂ ಸಹಜವಾಗಿ ಕೇಳಿದೆ. "ನೀವೂ ಗೌಡ್ರ ಆದ್ರೆಲ್ರಿ" ಎಂದು ನಕ್ಕರು.

ಹೊಸ ಶತಮಾನ ಬಂದು ಎಲ್ಲರ ಕಿಸೆಗೂ ಫೋನು ಬಂತು. ಗಾಜಿನ ಗೂಡು ಗುಜರಿಗೆ ಹೋಯಿತು. ಅವರು ಅದೇ ಜಾಗದಲ್ಲಿ ಸಿಮ್ಮು, ಹಳೆಯ ಹ್ಯಾಂಡ್‌ಸೆಟ್ಟು ಮಾರತೊಡಗಿದರು. ಹೊಸದರ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಬೆರಗಿತ್ತು. ಆ ಕಾಲದ ಫೋನುಗಳಲ್ಲಿ ಒಂದು ಗುಂಡಿ ಒತ್ತಿಟ್ಟರೆ ಹತ್ತಿರದ ಟವರಿನ ಊರಿನ ಹೆಸರು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡುತ್ತಿತ್ತು. ಒಂದು ಅಮಾವಾಸ್ಯೆ ಮುರಗೋಡದ ಮಠಕ್ಕೆ ಇಬ್ಬರೂ ಹೋಗುವಾಗ ಅವರು ದಾರಿಯುದ್ದಕ್ಕೂ ಫೋನನ್ನು ಕಣ್ಣಿಗೆ ಹಿಡಿದುಕೊಂಡಿದ್ದರು.

"ನೋಡ್ರಿ, ಮುರಗೋಡ! ನಮಗಿಂತ ಮೊದಲ ಇದಕ್ಕ ಗೊತ್ತಾತು."

ಕಂಡಕ್ಟರ್ ಮುಂದಿನಿಂದಲೇ ಕೂಗಿದ: "ಹಂಗಾರ ನಾ ಯಾಕ ಬೇಕ್ರಿ, ಟಿಕೆಟ್ಟೂ ಅದ ಹರೀಲಿ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಊರು ಗೊತ್ತಿರುವ ಫೋನು ಅದನ್ನು ಬೇರೆ ಯಾರಿಗಾದರೂ ಹೇಳಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇಲ್ಲಿ ಒಂದು ರೂಢಿಯನ್ನು ಹೇಳಬೇಕು. ಫೋನಿಗೆ ಬರುವ ಮೆಸೇಜುಗಳೆಲ್ಲ ಇಂಗ್ಲಿಷಿನವು. ನಮ್ಮ ಕಡೆಯವರು ಅವನ್ನು ತಾವು ನೋಡುತ್ತಿರಲಿಲ್ಲ. ಟುಣ್ ಎಂದರೆ ಸಾಕು, ಫೋನು ತಂದು ಅವರ ಕೈಗೆ ಕೊಡುತ್ತಿದ್ದರು. "ಏನ ಬಂದೈತಿ ನೋಡ್ರಿ ಅಣ್ಣಾರ." ಅವರು ನೋಡಿ, ಹಾಡಿನದೊ ಲಾಟರಿಯದೊ ಆದರೆ ಅಳಿಸಿ, ಉತ್ತರ ಕೊಡಬೇಕಾದದ್ದಕ್ಕೆ ಉತ್ತರ ಒತ್ತಿ, ಫೋನು ಹಿಂದಿರುಗಿಸುತ್ತಿದ್ದರು. ಏನೆಂದು ಯಾರೂ ಕೇಳುತ್ತಿರಲಿಲ್ಲ. ಊರಿನ ಅರ್ಧ ಜನದ ಪರವಾಗಿ ಹೌದು, ಅಲ್ಲ ಎನ್ನುತ್ತಿದ್ದದ್ದು ಅವರ ಹೆಬ್ಬೆರಳು.

ಹಾಗೆ ಫೋನು ತಂದುಕೊಡುತ್ತಿದ್ದವರಲ್ಲಿ ಒಬ್ಬ ಹೆಂಗಸು ಇದ್ದಳು.

ಆಕೆ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ನೇಸರಗಿಯಲ್ಲಿ ಒಂದು ಕೋಣೆ ಹಿಡಿದು ಮಗಳೊಂದಿಗೆ ಇದ್ದಳು. ದಿನವೂ ಒಂಬತ್ತು ನಲವತ್ತರ ನೇಸರಗಿ ಬಸ್ಸಿನಿಂದ ಇಳಿದು, ಸಂಜೆ ಹಿಂದಿರುಗುವಾಗ ಮಗಳಿಗೆಂದು ಎರಡು ಬಾಳೆಹಣ್ಣು ಕೊಳ್ಳುತ್ತಿದ್ದಳು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಸೂಜಿಯ ಕೆಳಗೆ ಬಟ್ಟೆಯನ್ನು ಅಂಗೈಯ ಅಂಚಿನಿಂದ ದೂಡುತ್ತಿದ್ದಳು. ರಾಮದುರ್ಗದ ಕಡೆಯ ಕಟಕೋಳದಿಂದ, ಗಂಡನನ್ನು ಬಿಟ್ಟು, ಮೂರು ವರ್ಷಗಳ ಹಿಂದೆ ಬಂದವಳು. ಬೆರಳು ಮುರಿದದ್ದು ಅವನು. ಕೂಸನ್ನು ಎಳೆದುಕೊಂಡು ಹೋಗುತ್ತೇನೆ, ಸಿಕ್ಕರೆ ಉಳಿಸುವುದಿಲ್ಲ ಎಂದು ಅವನು ತವರಿನವರ ಮುಂದೆ ಹೇಳಿದ್ದ. ಇದನ್ನೆಲ್ಲ ಅವರು ನನಗೆ ಹೇಳಲಿಲ್ಲ. ಆಕೆಯೇ ಆಮೇಲೆ ಹೇಳಿದಳು. ಫೋನು ಕೊಳ್ಳುವಾಗ ಅವರಿಗೆ ಮಾತ್ರ ಹೇಳಿದ್ದಳಂತೆ: "ಅಣ್ಣಾರ, ಈ ನಂಬರ ನಮ್ಮವ್ವಗ ಅಷ್ಟ. ಮತ್ತ್ಯಾರಿಗೂ ಕೊಡಬ್ಯಾಡ್ರಿ." ಅವರು ಕೊಡಲೂ ಇಲ್ಲ.

ಆ ವಾರ ಮೊಬೈಲ್ ಕಂಪನಿಯವರು ಗಿರಾಕಿಗಳ ಗುರುತು ಮತ್ತೆ ಪರೀಕ್ಷಿಸುತ್ತಿದ್ದರು. ಎಲ್ಲರ ಫೋನಿಗೂ ಇಂಗ್ಲಿಷಿನಲ್ಲಿ ಒಂದು ಮೆಸೇಜು: ಹೌದು ಎಂದು ಉತ್ತರಿಸಿ, ಇಲ್ಲವಾದರೆ ಸಿಮ್ಮು ಬಂದ್. ಅಂಗಡಿಯ ಮುಂದೆ ಸರದಿ ನಿಂತಿತು. ಅವರು ಒಂದು ಕೈಯಿಂದ ಫೋನು ತೆಗೆದುಕೊಂಡು, ಹೌದು ಎಂದು ಒತ್ತಿ, ಇನ್ನೊಂದು ಕೈಯಿಂದ ಹಿಂದಿರುಗಿಸುವುದನ್ನು ಸೋಮವಾರ ನಾನೇ ನೋಡಿದೆ. ಆ ಸರದಿಯಲ್ಲಿ ಆಕೆಯೂ ಇದ್ದಳು. ಕೆಲಸಕ್ಕೆ ಹೊತ್ತಾಗಿದ್ದರಿಂದ ಬುತ್ತಿಯ ಚೀಲ ಹೆಗಲಿಗೇರಿಸಿ ಕಾಲು ಬದಲಿಸುತ್ತ ನಿಂತಿದ್ದಳು.

ಗುರುವಾರ ಒಂಬತ್ತು ಇಪ್ಪತ್ತೆಂಟಕ್ಕೆ ಬಿಳಿ ಅಂಗಿಯ, ಈಗಷ್ಟೇ ಗಡ್ಡ ಬೋಳಿಸಿದ ಒಬ್ಬ ಗಂಡಸು ಕಟ್ಟೆಯ ಮುಂದೆ ನಿಂತು ಫೋನು ಚಾಚಿದ. ಇನ್ನೊಂದು ಕೈಯಲ್ಲಿ ಅರಿವೆಯ ಚೀಲ. ಚೀಲದಿಂದ ಹೊಸ ಫ್ರಾಕಿನ ಅಂಚು ಕಾಣುತ್ತಿತ್ತು.

"ಅಣ್ಣಾರ, ಇದೇನ ಬಂದೈತಿ ಒಂದೀಟ ಓದ್ರಿ. ಇಂಗ್ಲೀಷ ಬರೂದಿಲ್ಲ ನಮಗ."

ಅವರು ಕನ್ನಡಕ ಹಾಕಿಕೊಂಡರು. ಓದಿದರು. ಗುಂಡಿ ಒತ್ತಿ ಕೆಳಗೆ ಸರಿಸಿದರು, ಮೇಲೆ ಸರಿಸಿದರು. ಮತ್ತೆ ಕೆಳಗೆ.

"ಯಾರದು ಇದು?"

"ನಮ್ಮ ಮನಿಯಾಕಿದು. ಸಿಟ್ಟ ಮಾಡಿ ಹೋಗ್ಯಾಳ್ರಿ. ಕರಕೊಂಡು ಹೋಗಬೇಕಂತ ಬಂದೇನಿ. ಮೂರು ವರ್ಸ ಹುಡುಕೇನಿ, ಎಲ್ಲೆಲ್ಲಿ ತಿರುಗೇನಿ. ನಮ್ಮ ಅತ್ತಿ ನಂಬರ ಗ್ವಾಡಿ ಮ್ಯಾಲ ಬರೆಸಿಟ್ಟಿದ್ಲು, ಓದಾಕ ಬರದವರು ನೋಡ್ರಿ. ರಾಮದುರ್ಗದಾಗ ಒಬ್ಬಾಂವ ಹೇಳಿದಾ, ಕಂಪನಿಗೆ ಆಕಿ ನಂಬರ ಕಳಿಸಿದ್ರ ಆಕಿ ಫೋನಿಗೆ ಕೇಳತಾರ, ಆಕಿ ಹ್ಞೂಂ ಅಂದ್ರ ಎಲ್ಲಿ ಅದಾಳಂತ ನಿನಗ ಬರತೈತಿ ಅಂತ. ಅನ್ನೂದಿಲ್ಲಂತ ತಿಳದಿದ್ದೆ. ಸೋಮವಾರ ಹ್ಞೂಂ ಅಂದಾಳ್ರಿ! ಮೂರ ದಿನದಾಗ ತೋರಿಸಿ ಬಿಟ್ಟಿತು. ಮೊದಲ ಬೈಲಹೊಂಗಲ ಅಂತ ಬಂತು, ಆ ರಾಮದುರ್ಗದಾಂವನ ಓದಿ ಹೇಳಿದಾ. ಇವತ್ತ ಎಂಟೂವರಿಗೆ ಮತ್ತ ಕೇಳೇನಿ, ಇದು ಬಂತು."

ಅವರ ಮುಖವನ್ನು ನಾನು ನೋಡಿದೆ. ಬಣ್ಣ ಹೋಯಿತು ಎಂದೆಲ್ಲ ಬರೆಯಲಾರೆ. ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಇಷ್ಟಕ್ಕೆ ಅರ್ಧ ನಿಮಿಷ ಹಿಡಿಯಿತು. ಪರದೆಯ ಮೇಲಿದ್ದದ್ದು ಅವರೇ ಮಾರಿದ್ದ ನಂಬರು. ಅದರ ಕೆಳಗೆ ನೇಸರಗಿ ಎಂದು ಬರೆದಿತ್ತಂತೆ.

"ಕಿತ್ತೂರ" ಎಂದರು.

"ಕಿತ್ತೂರೇನ್ರಿ? ಖರೇ?"

"ಇಲ್ಲಿ ಐತಲ್ಲ. ಕಿತ್ತೂರ. ನಿಮ್ಮ ಬ್ಯಾಟರಿ ಮುಗಿಯಾಕ ಬಂದೈತಿ, ಬಂದ ಮಾಡಿ ಕೊಡತೇನಿ. ಅಲ್ಲಿ ಇಳದ ಮ್ಯಾಲ ಚಾಲೂ ಮಾಡ್ರಿ, ಇಲ್ಲಂದ್ರ ಹೊತ್ತಿಗೆ ಸಿಗೂದಿಲ್ಲ."

ಫೋನು ಬಂದ್ ಮಾಡುವ ಮೊದಲು ಮೆಸೇಜು ಅಳಿಸಿದ್ದನ್ನು ಅವರು ಆಮೇಲೆ ಹೇಳಿದರು.

ಅವನು ತಿರುಗಿ ಬಾಳೆಹಣ್ಣಿನವಳನ್ನು ಕೇಳಿದ: "ಯವ್ವಾ, ಎಡಗೈ ಬೆರಳ ಸೊಟ್ಟ ಇದ್ದ ಹೆಂಗಸ ಇಲ್ಲಿ ಓಡಾಡೂದ ನೋಡಿಯೇನ? ಬಾಗಿಲಾಗ ಸಿಕ್ಕಿತ್ತು ಕೈ." ಬೆರಳಿಗೆ ಏನಾಯಿತೆಂದು ಅವಳು ಕೇಳಿರಲಿಲ್ಲ.

"ಸೊಟ್ಟ ಅದಾಳೊ ನೆಟ್ಟಗ ಅದಾಳೊ, ನನಗ್ಯಾಕಪಾ? ಹಣ್ಣ ತಗೊಂತಿಯೇನ? ಇಲ್ಲಂದ್ರ ಬುಟ್ಟಿ ಬಿಟ್ಟ ಅತ್ತಾಗ ನಿಲ್ಲು. ಗಿರಾಕಿಗೆ ಅಡ್ಡ ಆಗತೀದಿ." ದಿನವೂ ಆಕೆಗೆ ಹಣ್ಣು ಮಾರುವವಳು ಹೀಗೆಂದಾಗಲೇ, ಅವನು ಯಾರನ್ನು ಹುಡುಕುತ್ತಿದ್ದಾನೆ, ಆಕೆ ಯಾರಿಂದ ಅವಿತಿದ್ದಾಳೆ ಎಂದು ನನಗೂ ತಿಳಿಯಿತು.

ಅವರು ಅವನ ತೋಳು ಹಿಡಿದು ನನ್ನ ಕಂಬದವರೆಗೆ ಬಂದರು. "ಸಾಹೇಬ್ರ, ಇವರನ್ನ ಕಿತ್ತೂರ ಬಸ್ಸಿಗೆ ಹತ್ತಸ್ರಿ. ಲಗೂನ." ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ಏನೂ ಕೇಳಿರಲಿಲ್ಲ. ಅವರ ಕಣ್ಣು ನನ್ನ ಕೋಣೆಯ ಗಡಿಯಾರದ ಮೇಲಿತ್ತು. ಕಿತ್ತೂರ ಬಸ್ಸು ಹೊರಡುವುದು ಒಂಬತ್ತು ನಲವತ್ತೈದಕ್ಕೆ. ನೇಸರಗಿಯದು ಬರುವುದು ಅದಕ್ಕೆ ಐದು ನಿಮಿಷ ಮೊದಲು, ಪಕ್ಕದ ಅಂಕಣಕ್ಕೆ.

ನಾನು ಸೀಟಿ ಊದಿದೆ.

ಕಂಡಕ್ಟರ್ ಹೌಹಾರಿದ. "ಇನ್ನೂ ಒಂಬತ್ತು ನಿಮಿಷ ಐತೆಲ್ರಿ ಸಾಹೇಬ್ರ. ಚಹಾ ಕುಡದಿಲ್ಲ ನಾ."

"ಕಿತ್ತೂರಾಗ ಕುಡಿ. ಬಿಡು ಗಾಡಿ."

"ಮಂದಿ ಬರಾಕ ಹತ್ತ್ಯಾರ್ರಿ—"

"ಬಿಡು ಅಂದೆ."

ಬಿಳಿ ಅಂಗಿಯವನು ನನಗೆ ಕೈ ಮುಗಿದು ಹತ್ತಿದ. ಬಸ್ಸು ಹೊರಟದ್ದು ಒಂಬತ್ತು ಮೂವತ್ತಾರಕ್ಕೆ. ರಿಜಿಸ್ಟರಿನಲ್ಲಿ ಒಂಬತ್ತು ನಲವತ್ತೈದು ಎಂದು ಬರೆದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಗೊತ್ತಿದ್ದೂ ಬರೆದ ಸುಳ್ಳು ಅದೊಂದೇ.

ನೇಸರಗಿ ಬಸ್ಸು ಮೂರು ನಿಮಿಷ ತಡವಾಗಿ ಬಂತು. ಆಕೆ ಇಳಿಯುವ ಮೊದಲೇ ಅವರು ಬಾಗಿಲಲ್ಲಿ ಕೈ ಚಾಚಿ ನಿಂತಿದ್ದರು. "ಫೋನ ಕೊಡವಾ."

ಆಕೆ ನಕ್ಕಳು. "ಯಾಕ್ರಿ ಅಣ್ಣಾರ, ಮಾರಿದ್ದ ವಾಪಸ್ ಕಸಗೊಳ್ಳಾಕ ಬಂದೀರೇನ?"

ಅವರು ಫೋನಿನ ಬೆನ್ನು ತೆರೆದು ಬ್ಯಾಟರಿ ತೆಗೆದರು, ಸಿಮ್ಮು ತೆಗೆದರು. ಆಮೇಲೆ ಹೇಳಿದರು: ನಿನ್ನ ಗಂಡ ಬಂದಿದ್ದ, ಕಿತ್ತೂರಿಗೆ ಕಳಿಸಿದ್ದೇನೆ, ಎರಡು ಮೂರು ತಾಸಿನಲ್ಲಿ ತಿರುಗಿ ಬರುತ್ತಾನೆ, ನೇಸರಗಿ ಅವನಿಗೆ ಇನ್ನೂ ಗೊತ್ತಿಲ್ಲ. ಆಕೆ ಬಸ್ಸಿನ ಬಾಗಿಲ ಸರಳು ಹಿಡಿದುಕೊಂಡಳು. ಬಾಳೆಹಣ್ಣಿನವಳು ತನ್ನ ತಂಬಿಗೆಯ ನೀರು ತಂದಳು.

"ಹೆಂಗ ಗೊತ್ತಾತ್ರಿ ಅವಗ?"

ಕಂಪನಿಯವರು ಹೇಳಿದರು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಸೋಮವಾರದ ಸರದಿಯಲ್ಲಿ ಆದದ್ದು ಅವರೊಬ್ಬರಿಗೇ ಗೊತ್ತಿತ್ತು. ನನಗೆ ಕೂಡ ಆಗ ಅದು ಹೊಳೆದಿರಲಿಲ್ಲ.

"ನಾ ಒತ್ತೇನವಾ" ಎಂದರು. "ಸೋಮವಾರ ನಿನ್ನ ಫೋನಿಗೆ ಬಂದಿದ್ದು ಸಿಮ್ಮಿಂದಲ್ಲ. ನೀ ಎಲ್ಲಿ ಅದಿ ಅಂತ ಅವಗ ಹೇಳಲೇನು ಅಂತ ಕೇಳಿತ್ತು. ಎಲ್ಲಾರದೂ ಒಂದ ಅಂತ ತಿಳದು ಹೌದು ಅಂತ ಒತ್ತಿ ಕೊಟ್ಟೆ. ಕಂಪನಿದಲ್ಲ, ನಿಮ್ಮವ್ವಂದಲ್ಲ. ತಪ್ಪ ನಂದು."

"ಓದಲಿಲ್ಲೇನ್ರಿ?"

"ಇಲ್ಲ."

ಆಕೆ ಸರಳು ಬಿಟ್ಟು ಅವರತ್ತ ತಿರುಗಿದಳು. ಕೂಗಲಿಲ್ಲ. "ನನಗ ಓದಾಕ ಬರತಿದ್ದಿಲ್ಲ ಅಣ್ಣಾರ" ಎಂದಳು. "ನಿಮಗ ಬರತಿತ್ತು."

ಅವರು ತಲೆ ತಗ್ಗಿಸಲಿಲ್ಲ. ನೆಟ್ಟಗೆ ನಿಂತು ಕೇಳಿಸಿಕೊಂಡರು. ಇಷ್ಟು ವರ್ಷವಾದರೂ ಆ ನಿಲುವು ನನ್ನ ಕಣ್ಣಿನಿಂದ ಹೋಗಿಲ್ಲ.

ಆಮೇಲೆ ಕೆಲಸವೆಲ್ಲ ಬೇಗ ಬೇಗ ನಡೆಯಿತು. ಮಗಳು ನೇಸರಗಿಯ ಸಾಲೆಯಲ್ಲಿದ್ದಳು. ಅದೇ ಬಸ್ಸು ಹಿಂದಿರುಗುವಾಗ ಆಕೆ ಹತ್ತಿದಳು. ಅವರು ಅಂಗಡಿಗೆ ಬೀಗ ಹಾಕಿ ಹತ್ತಿದರು. ಗಂಡಸರೊಬ್ಬರೇ ಜೊತೆಗೆ ಬೇಡವೆಂದು ಬಾಳೆಹಣ್ಣಿನವಳೂ ಹತ್ತಿದಳು. "ಸಾಹೇಬ್ರ, ಬುಟ್ಟಿ ನೋಡಕೊಳ್ರಿ. ಕಳತದ್ದ ಮ್ಯಾಲಿಟ್ಟ ಮಾರ್ರಿ" ಎಂದು ಕಿಟಕಿಯಿಂದ ಹೇಳಿದಳು. ಹನ್ನೆರಡೂಕಾಲಿಗೆ ತಿರುಗಿ ಬಂದರು: ಆಕೆ, ಸಾಲೆಯ ಅಂಗಿಯಲ್ಲೇ ಇದ್ದ ಮಗಳು, ಒಂದು ಟ್ರಂಕು, ಕೌದಿಯಲ್ಲಿ ಸುತ್ತಿದ ಹೊಲಿಗೆ ಯಂತ್ರದ ತಲೆ. ಯಂತ್ರವನ್ನು ಅವರು ಕೂಸಿನಂತೆ ಎರಡೂ ಕೈಯಲ್ಲಿ ಹೊತ್ತಿದ್ದರು. ಹನ್ನೆರಡು ಐವತ್ತರ ಹೊತ್ತಿಗೆ ತಾಯಿ ಮಗಳು ಒಂದು ಬಸ್ಸು ಹತ್ತಿ ಹೋದರು. ಮೂರು ವರ್ಷದಲ್ಲಿ ಕಟ್ಟಿಕೊಂಡ ಕೋಣೆ, ಕೆಲಸ, ಮಗಳ ಸಾಲೆ ಎಲ್ಲ ಮೂರು ತಾಸಿನಲ್ಲಿ ಹೋಯಿತು. ಹತ್ತುವಾಗ ಆಕೆ ತಿರುಗಿ ನೋಡದೆ ಒಳಗೆ ಹೋದಳು. ಮಗಳು ಮಾತ್ರ ಕೈ ಬೀಸಿದಳು.

ಗಂಡ ಒಂದೂ ಮುಕ್ಕಾಲಿಗೆ ಬಂದ. "ಏನ ಓದಿದ್ರಿ ನೀವು?" ಎಂದು ಕೇಳಿದ.

"ತಪ್ಪ ಓದೇನಿ" ಎಂದರು.

ಅವನು ಕಟ್ಟೆಯ ಗಾಜು ಒಡೆದ. ಅವರು ತಡೆಯಲಿಲ್ಲ. ಅವನು ನನ್ನ ಕಿಟಕಿಯ ಮುಂದೆಯೂ ಬಂದು ನಿಂತು ನನ್ನ ಮುಖವನ್ನು ನೋಡಿದ, ಗುರುತಿಟ್ಟುಕೊಳ್ಳುವವನ ಹಾಗೆ. ಮುಂದೆ ಒಂದು ವಾರ ನಿಲ್ದಾಣದಲ್ಲೇ ಸುಳಿದಾಡಿ ಹೋದ.

ಅಂದಿನಿಂದ ಅಂಗಡಿಯ ರೀತಿ ಬದಲಾಯಿತು. ಯಾರು ಫೋನು ಕೊಟ್ಟರೂ ಅವರು ಮುಟ್ಟುತ್ತಿರಲಿಲ್ಲ. ಕಟ್ಟೆಯ ಮೇಲಿಡಿಸಿ, ಬಗ್ಗಿ, ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಮೆಲ್ಲಗೆ ಹೇಳಿ, "ತಿಳೀತೇನ? ಹ್ಞೂಂ ಅನ್ನೂದಿದ್ರ ನಿಮ್ಮ ಬೆರಳಲೆ ನೀವ ಒತ್ರಿ" ಎನ್ನುತ್ತಿದ್ದರು. ಒಂದು ಮೆಸೇಜಿಗೆ ಹತ್ತು ನಿಮಿಷ. ಜನಕ್ಕೆ ತಾಳ್ಮೆ ಎಲ್ಲಿಂದ ಬರಬೇಕು? "ಹೊಲಾ ಖರೀದಿ ಪತ್ರಾ ಮಾಡಿಸಿದಂಗ ಮಾಡತಾನಲೇ ಮುದುಕ" ಎಂದು ನಗುತ್ತ ಪಕ್ಕದ ಹೊಸ ಅಂಗಡಿಗೆ ಹೋದರು. ಅಲ್ಲಿಯವನು ನೋಡದೆ ಒತ್ತಿ ಕೊಡುತ್ತಿದ್ದ. ಇವರ ಕಟ್ಟೆಯ ಮುಂದೆ ವಯಸ್ಸಾದ ನಾಲ್ಕೈದು ಹೆಂಗಸರು ಮಾತ್ರ ಉಳಿದರು. ಆ ಹೆಂಗಸರಿಗೆ ಸಂಖ್ಯೆ, ಅಕ್ಷರ ಕಲಿಸಿದರು. ಫೋನಿನಲ್ಲಿ ಊರಿನ ಹೆಸರು ನೋಡುವುದನ್ನು ಪೂರ್ತಿ ಬಿಟ್ಟರು.

ಆ ಬಸ್ಸಿಳಿದು ಆಕೆ ಎಲ್ಲಿ ನೆಲೆ ನಿಂತಳೆಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಆಕೆ ನನಗೆ ತಿಳಿಸಿದ್ದಾಳೆಂದು ಅವರಿಗೆ ಗೊತ್ತಿತ್ತು. ಕಳೆದ ವರ್ಷ ಮಂಚದ ಮೇಲೆ ಒರಗಿ ಕುಳಿತು ಇಷ್ಟು ಹೇಳಿದರು: "ಬೂತ ಇದ್ದಾಗ ಬಾಯಿ ಒಂದ ಕಾಯಬೇಕಿತ್ತು ಸಾಹೇಬ್ರ. ಅದನ್ನ ಕಾದೆ. ಆಮ್ಯಾಲ ಕಾಯೂದು ಮತ್ತೊಂದ ಬಂದಿತ್ತು, ನನಗ ತಿಳೀಲಿಲ್ಲ."

ಬರೆಯುವ ಮೊದಲು ಆಕೆಗೆ ಹೇಳಿ ಕಳಿಸಿದೆ. "ಬರೀರಿ ಅನ್ರಿ" ಎಂದು ಉತ್ತರ ಬಂತು. "ಅವರು ಒತ್ತಿದ್ದೂ ಬರೀರಿ, ಹೇಳಿದ್ದೂ ಬರೀರಿ."

ಆ ಗುರುವಾರವನ್ನು ಕಂಡವರಲ್ಲಿ ಈಗ ಇರುವವರು ಇಷ್ಟು. ನಾನು. ಕಿತ್ತೂರ ಬಸ್ಸಿನ ಕಂಡಕ್ಟರ್, ನಿವೃತ್ತನಾಗಿ ಸವದತ್ತಿಯಲ್ಲಿದ್ದಾನೆ. ಕೇಳಿದರೆ ಒಂಬತ್ತು ನಿಮಿಷ ಎಂದು ಈಗಲೂ ಹೇಳುತ್ತಾನೆ. ಬಾಳೆಹಣ್ಣಿನವಳು, ಬೈಲಹೊಂಗಲದಲ್ಲೇ ಮಗಳ ಮನೆಯಲ್ಲಿ, ಕಣ್ಣು ಮಂದವಾಗಿದೆ. ಸಾಲೆಯ ಅಂಗಿಯಲ್ಲಿದ್ದ ಆ ಮಗಳು. ಆಕೆ. ಮತ್ತು ಆಕೆಯ ಗಂಡ. ಅವನೂ ಇದ್ದಾನೆ, ಕಟಕೋಳದ ಕಡೆಯಲ್ಲೇ, ಗಟ್ಟಿಮುಟ್ಟಾಗಿ. ಆದ್ದರಿಂದ ತಾಯಿ ಮಗಳು ಹನ್ನೆರಡು ಐವತ್ತಕ್ಕೆ ಹತ್ತಿದ ಬಸ್ಸು ಯಾವ ಊರಿನದೆಂದು ಇಲ್ಲಿ ಬರೆದಿಲ್ಲ.